ಹೊಸಪೇಟೆಯ ಬಿಸಿಲಿಗೆ ಎಂಥ ಜಾಕೆಟ್?

ಏಪ್ರಿಲ್ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರಿನ ಸುತ್ತ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಬೈಕ್ ಹತ್ತುವವನಿಗೆ ಜಾಕೆಟ್ ಹಾಕಿಕೋ ಎಂದರೆ ಸಿಟ್ಟು ಬರುವುದು ಸಹಜ. ಈ ಸಿಟ್ಟಿಗೆ ಉತ್ತರವಾಗಿ ಬಂದದ್ದು ಮೆಶ್ ಜಾಕೆಟ್. ಎದೆ, ಬೆನ್ನು, ತೋಳು ಎಲ್ಲ ಕಡೆ ಜಾಲರಿ, ಭುಜಕ್ಕೂ ಮೊಣಕೈಗೂ ಪ್ಯಾಡು. ಬೇಸಿಗೆಗೆ ಯಾವುದು ತೆಗೆದುಕೊಳ್ಳಲಿ ಎಂದು ಯಾರನ್ನು ಕೇಳಿದರೂ ಒಂದೇ ಮಾತು: ಗಾಳಿ ಚೆನ್ನಾಗಿ ಆಡುವಂಥದ್ದು ತಗೋ. ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮೆಶ್ ಬೇಕು, ನಿಜ. ಆದರೆ ಮೈತುಂಬ ಜಾಲರಿಯೇ ಇರುವ ಜಾಕೆಟ್ ನಮ್ಮ ಸೀಮೆಯ ಬಿಸಿಲಿಗೂ ಒಗ್ಗುವುದಿಲ್ಲ, ನಮ್ಮ ರಸ್ತೆಗೂ ಒಗ್ಗುವುದಿಲ್ಲ.

ಮೊದಲು ಬಿಸಿಲಿನ ಮಾತು. ಮಂಗಳೂರಿನ ಸೆಕೆ ಬೇರೆ, ಹೊಸಪೇಟೆಯ ಬಿಸಿಲು ಬೇರೆ. ಕರಾವಳಿಯಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಬೇಗ ಆರುವುದಿಲ್ಲ, ಅಲ್ಲಿ ಎಷ್ಟು ಗಾಳಿ ಬಂದರೂ ಕಡಿಮೆಯೇ. ಇಲ್ಲಿ ಒಣ ಗಾಳಿ. ಬೆವರು ಮೈಮೇಲೆ ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಬೀಸಿದಷ್ಟೂ ಮೈ ತಂಪಾಗುತ್ತದೆ. 40 ದಾಟಿದ ಗಾಳಿ ಹಾಗಲ್ಲ, ಬೀಸಿದಷ್ಟೂ ಮೈಗೆ ಕಾವನ್ನೇ ತಂದು ಸುರಿಯುತ್ತದೆ. ಆಗ ನಮ್ಮನ್ನು ಕಾಯುವುದು ಬೆವರೊಂದೇ. ಒಂದು ಲೀಟರ್ ಬೆವರು ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊರಹೋಗುತ್ತದೆ, ಅಷ್ಟು ದೊಡ್ಡ ಶಕ್ತಿ ಅದಕ್ಕಿದೆ. ಆದರೆ ಅದು ನಿಧಾನವಾಗಿ ಆರಬೇಕು, ಆರಿದ್ದನ್ನು ನೀರು ಕುಡಿದು ತುಂಬಿಕೊಳ್ಳಬೇಕು. ಇಡೀ ಮೆಶ್ ಹಾಕಿಕೊಂಡು 80ರ ವೇಗದಲ್ಲಿ ಬಳ್ಳಾರಿ ಹೆದ್ದಾರಿಯಲ್ಲಿ ಹೋಗುವವನಿಗೆ ಬೆವರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ತೋರಣಗಲ್ಲು ತಲುಪಿ ಇಳಿದಾಗ ತಲೆ ದಿಮ್ಮೆನ್ನುತ್ತದೆ. ಜಾಕೆಟ್‌ನಿಂದ ಸೆಕೆಯಾಯಿತು ಎಂದುಕೊಳ್ಳುತ್ತಾನೆ. ಆಗಿರುವುದು ಮೈಯ ನೀರು ಬತ್ತಿದ್ದು.

ಈ ಬಯಲಿನಲ್ಲಿ ದಿನವಿಡೀ ಬಿಸಿಲಲ್ಲಿ ಇರುವವರು ಯಾರೂ ಮೈ ಬಿಟ್ಟುಕೊಂಡು ತಿರುಗುವುದಿಲ್ಲ. ಕುರಿ ಕಾಯುವವರ ಹೆಗಲ ಮೇಲೆ ಮೇ ತಿಂಗಳಲ್ಲೂ ಕಂಬಳಿ ಇರುತ್ತದೆ, ಬಿಸಿಲು ಏರಿದರೆ ಅದೇ ತಲೆಗೆ ಕೊಪ್ಪೆಯಾಗುತ್ತದೆ. ಸಂಡೂರಿನ ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರು ಫೇಟಿಯ ಎಂಬ ದಪ್ಪ ಬಟ್ಟೆಯ ಲಂಗ ಉಟ್ಟೇ ಹೊಲದ ಕೆಲಸ ಮಾಡಿದವರು. ಬಿಸಿಲಿಗೂ ಮೈಗೂ ನಡುವೆ ಒಂದು ಪದರ ಬೇಕು ಎಂಬುದು ಇಲ್ಲಿನ ಹಳೆಯ ತಿಳಿವಳಿಕೆ. ಟೀ ಶರ್ಟ್ ಹಾಕಿಕೊಂಡು ಬೈಕ್ ಓಡಿಸುವುದು ಆರಾಮ ಎಂಬ ನಂಬಿಕೆ ಈಚಿನದು.

ಹಾಗಾಗಿ ನನಗೆ ಸರಿಯೆನಿಸುವುದು ಗಾಳಿಯನ್ನು ಲೆಕ್ಕ ಹಾಕಿ ಬಿಡುವ ಜಾಕೆಟ್. ಎದೆಯ ಮೇಲೆ, ಬೆನ್ನಿನ ನಡುವೆ, ಕಂಕುಳ ಕೆಳಗೆ ಜಾಲರಿ. ಉಳಿದೆಡೆ ಗಟ್ಟಿ ಬಟ್ಟೆ. ಅದರೊಳಗೆ ಒದ್ದೆ ಮಾಡಿದ ತೆಳು ಹತ್ತಿಯ ಬನಿಯನ್ನು. ಇಡೀ ಮೆಶ್‌ನಲ್ಲಿ ಆ ಬನಿಯನ್ನು ಹೊಸಪೇಟೆ ಬಿಟ್ಟು ಪಾಪಿನಾಯಕನಹಳ್ಳಿ ಬರುವಷ್ಟರಲ್ಲಿ ಒಣಗಿ ಗರಿಗರಿಯಾಗುತ್ತದೆ. ಗಾಳಿ ಅಳತೆಯಲ್ಲಿ ಬರುವ ಜಾಕೆಟ್‌ನಲ್ಲಿ ಅದೇ ಒದ್ದೆ ಬಹಳ ಹೊತ್ತು ನಿಲ್ಲುತ್ತದೆ, ನಿಂತಷ್ಟು ಹೊತ್ತೂ ತಂಪು ಕೊಡುತ್ತದೆ. ಈ ಉಪಾಯ ಕಾರವಾರದಲ್ಲಿ ಅಷ್ಟು ನಡೆಯದು, ಇಲ್ಲಿ ಚೆನ್ನಾಗಿ ನಡೆಯುತ್ತದೆ.

ಇನ್ನು ಬಿದ್ದರೆ ಏನು ಎಂಬ ಮಾತು. ಜಾಕೆಟ್ ಇರುವುದೇ ಅದಕ್ಕಾಗಿ, ಆದರೂ ಅಂಗಡಿಯಲ್ಲಿ ಅದರ ಮಾತು ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. 60 ಕಿ.ಮೀ. ವೇಗದಲ್ಲಿ ಬಿದ್ದವನು ಒಣ ಡಾಂಬರಿನ ಮೇಲೆ ಸುಮಾರು 20 ಮೀಟರ್ ಜಾರುತ್ತಾನೆ. ಎರಡು, ಎರಡೂವರೆ ಸೆಕೆಂಡಿನ ಉಜ್ಜಾಟ. ಹತ್ತಿ ಅಂಗಿ ಅದಕ್ಕೆ ಏನೇನೂ ತಡೆಯುವುದಿಲ್ಲ. ಮೆಶ್ ತಡೆಯುತ್ತದೆಯೇ ಎಂಬುದು ಆ ಜಾಲರಿ ಎಲ್ಲಿದೆ, ಯಾವ ನೂಲಿನದು ಎಂಬುದರ ಮೇಲೆ ನಿಂತಿದೆ.

ಜಾಕೆಟ್ ಕೊಳ್ಳುವಾಗ ಅದರ ತೋಳನ್ನು ಒಳಮಗ್ಗುಲು ತಿರುಗಿಸಿ ನೋಡಬೇಕು. ಅಗ್ಗದ ಜಾಕೆಟ್‌ನಲ್ಲಿ ಮೊಣಕೈ ಪ್ಯಾಡಿನ ಜೇಬು ಒಳಗಿನ ತೆಳು ಅಸ್ತರಿಗೆ ಹೊಲಿದಿರುತ್ತದೆ. ಹೊರಗಡೆ ಅಂಗೈ ಅಗಲದ ಗಟ್ಟಿ ಬಟ್ಟೆಯ ತುಂಡು, ಅದು ಮುಗಿದ ಕಡೆಯಿಂದ ಮುಂಗೈವರೆಗೆ ಬರೀ ಜಾಲರಿ. ಬಿದ್ದಾಗ ನೆಲಕ್ಕೆ ಬೇಗ ತಾಗುವ ಜಾಗಗಳಲ್ಲಿ ಆ ಮುಂಗೈಯ ಹೊರಬದಿಯೂ ಒಂದು. ಜೇಬು ಅಸ್ತರಿಗೆ ಹೊಲಿದಿದ್ದರಿಂದ ಪ್ಯಾಡು ಒಂದೇ ಎಳೆತಕ್ಕೆ ಸುತ್ತ ತಿರುಗಿ ಮೊಣಕೈಯ ಒಳಮಡಿಕೆಗೆ ಬಂದು ಕೂರುತ್ತದೆ, ಬರೀ ಮೂಳೆ ರಸ್ತೆಗೆ ಸಿಗುತ್ತದೆ. ಒಳ್ಳೆಯ ಜಾಕೆಟ್‌ನಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಹೊರಬದಿ ಪೂರ್ತಿ ಗಟ್ಟಿ ನೈಲಾನು, ಜಾಲರಿ ಒಳಬದಿಗೆ ಮಾತ್ರ. ಜೋಡಣೆಯ ಹೊಲಿಗೆ ಎರಡು ಮೂರು ಸಾಲು, ಮೇಲಿನ ಸಾಲು ಸವೆದರೂ ಒಳಗಿನದು ಹಿಡಿದಿರುತ್ತದೆ. ಮುಂಗೈಗೆ ಬಿಗಿಮಾಡುವ ಪಟ್ಟಿ ಇದ್ದರೆ ಪ್ಯಾಡು ಅಲುಗುವುದಿಲ್ಲ. ಇಷ್ಟನ್ನು ನೋಡಲು ಯಾರ ವಿಮರ್ಶೆಯೂ ಬೇಡ, ಎರಡು ನಿಮಿಷ ಸಾಕು.

ಅದರ ಜೊತೆಗೆ ಚೀಟಿ ಓದಬೇಕು. ಯುರೋಪಿನ ಇಎನ್ 17092 ಎಂಬ ಮಾನದಂಡ 2020ರಿಂದ ಇಡೀ ಉಡುಪನ್ನು ಎಎಎ, ಎಎ, ಎ, ಬಿ, ಸಿ ಎಂದು ದರ್ಜೆ ಮಾಡುತ್ತದೆ. ತಿರುಗುವ ಯಂತ್ರಕ್ಕೆ ಬಟ್ಟೆ ಕಟ್ಟಿ ಕಾಂಕ್ರೀಟಿನ ಮೇಲೆ ಬಿಡುತ್ತಾರೆ. ಭುಜ, ಮೊಣಕೈಯಂಥ ಹೆಚ್ಚು ಅಪಾಯದ ಜಾಗದ ಬಟ್ಟೆ ಎಎಎ ದರ್ಜೆಯಲ್ಲಿ ಗಂಟೆಗೆ 120 ಕಿ.ಮೀ., ಎಎಯಲ್ಲಿ 70, ಎಯಲ್ಲಿ 45ರ ವೇಗದಿಂದ ಶುರುವಾದ ಉಜ್ಜಾಟವನ್ನು ತೂತಾಗದೆ ತಾಳಬೇಕು. ಬಿ ಎಂದರೆ ಎಯಷ್ಟೇ ಬಟ್ಟೆ, ಪ್ಯಾಡು ಇಲ್ಲ. ಸಿ ಎಂದರೆ ಪ್ಯಾಡು ಹಿಡಿದಿಡುವ ಜಾಲರಿ ಅಂಗಿ, ಬಟ್ಟೆಗೆ ಉಜ್ಜಾಟದ ಪರೀಕ್ಷೆಯೇ ಇಲ್ಲ. ಮೈತುಂಬ ಜಾಲರಿಯ ಜಾಕೆಟ್‌ಗಳು ಸಾಮಾನ್ಯವಾಗಿ ಎ ದರ್ಜೆಗೆ ನಿಲ್ಲುತ್ತವೆ. ಹುಬ್ಬಳ್ಳಿ ಕಡೆಗೋ ಚಿತ್ರದುರ್ಗದ ಕಡೆಗೋ ಹೆದ್ದಾರಿ ಹಿಡಿಯುವವನಿಗೆ ಎಎಗಿಂತ ಕಡಿಮೆಯದನ್ನು ನಾನು ಹೇಳಲಾರೆ.

ಅಂಗಡಿಯವರು ಮಾತ್ರ ಪ್ಯಾಡಿನ ಮೇಲಿರುವ 'ಸಿಇ ಲೆವೆಲ್ 2' ತೋರಿಸಿ ಜಾಕೆಟ್ಟೇ ಅಂಥದ್ದು ಎಂಬಂತೆ ಮಾರುತ್ತಾರೆ. ಅದು ಪ್ಯಾಡಿನ ಅಂಕ, ಇಎನ್ 1621 ಎಂಬ ಬೇರೆ ಮಾನದಂಡದ್ದು. ಭುಜ, ಮೊಣಕೈಗೆ ಲೆವೆಲ್ 1 ಎಂದರೆ ಪೆಟ್ಟಿನಲ್ಲಿ ಸರಾಸರಿ 35 ಕಿಲೋ ನ್ಯೂಟನ್‌ಗಿಂತ ಹೆಚ್ಚು ಒಳಗೆ ದಾಟಬಾರದು, ಲೆವೆಲ್ 2 ಎಂದರೆ 20. ಒಳ್ಳೆಯದೇ, ಬೇಕಾದದ್ದೇ. ಆದರೆ ಅದು ಬಟ್ಟೆ ಹರಿಯುವುದಿಲ್ಲ ಎಂಬ ಭರವಸೆ ಕೊಡುವುದಿಲ್ಲ.

ಅದೇ ಪ್ಯಾಡಿನಲ್ಲಿ ನಮಗೆ ಬಹಳ ಬೇಕಾದ ಇನ್ನೊಂದು ಗುರುತಿದೆ, ಅದನ್ನು ಯಾರೂ ತೋರಿಸುವುದಿಲ್ಲ. ಇಂಗ್ಲಿಷಿನ ಟಿ ಅಕ್ಷರ, ಪಕ್ಕದಲ್ಲಿ ಕೂಡಿಸುವ ಚಿಹ್ನೆ. ಪ್ಯಾಡನ್ನು 40 ಡಿಗ್ರಿಯಲ್ಲೂ ಪರೀಕ್ಷೆ ಮಾಡಿ ಪಾಸಾಗಿದೆ ಎಂದು ಅದರ ಅರ್ಥ. ಈ ಪರೀಕ್ಷೆ ಕಡ್ಡಾಯವಲ್ಲ, ತಯಾರಕರ ಇಚ್ಛೆಗೆ ಬಿಟ್ಟದ್ದು. ಮೆತ್ತಗಿದ್ದು ಪೆಟ್ಟು ಬಿದ್ದಾಗ ಗಟ್ಟಿಯಾಗುವ ಈಗಿನ ಪ್ಯಾಡುಗಳು ಕಾವೇರಿದಂತೆ ಇನ್ನಷ್ಟು ಮೆತ್ತಗಾಗುತ್ತವೆ, ಪೆಟ್ಟು ಹೆಚ್ಚು ಒಳಗೆ ದಾಟುತ್ತದೆ. ಹಂಪಿಯ ಬಂಡೆಗಳ ನಡುವೆ ಬೈಕ್ ನಿಲ್ಲಿಸಿ ಜಾಕೆಟ್ಟನ್ನು ಸೀಟಿನ ಮೇಲೆ ಬಿಟ್ಟು ವಿಠಲ ದೇವಸ್ಥಾನ ನೋಡಿ ಬಂದವನ ಪ್ಯಾಡು 40 ಡಿಗ್ರಿಯಲ್ಲಿ ಉಳಿದಿರುತ್ತದೆಯೇ? ಈ ಸೀಮೆಯವರು ಬೆಲೆಗಿಂತ ಮೊದಲು ಈ ಗುರುತನ್ನು ಕೇಳಬೇಕು.

ರಸ್ತೆ ಬದಲಾದಂತೆ ಜಾಕೆಟ್‌ನ ಗುಣದೋಷವೂ ಬದಲಾಗುತ್ತದೆ. ಸಂಡೂರು ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಹೋಗಬೇಕು. ಆ ಕೆಂಪು ದೂಳು ಜಾಲರಿಯ ಕಣ್ಣುಗಳಲ್ಲಿ ಕೂತರೆ ಎಷ್ಟು ತೊಳೆದರೂ ಪೂರ್ತಿ ಹೋಗದು, ಜಿಪ್ಪಿನ ಹಲ್ಲು ಹಿಡಿದುಕೊಳ್ಳುತ್ತದೆ, ಒಳಗಿನ ಬನಿಯನ್ನು ಕೂಡ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿಗೆ ತಿಳಿಬೂದು ಒಳ್ಳೆಯದು ಎಂದು ಹೇಳುವವನು ನಾನೂ ಹೌದು. ಆದರೆ ಸಂಡೂರಿಗೆ ದಿನಾ ಹೋಗುವವರಿಗೆ ಆ ಬಣ್ಣ ಒಂದು ಬೇಸಿಗೆಯಷ್ಟೂ ಬಾಳುವುದಿಲ್ಲ. ಕಂಪ್ಲಿ ಕಡೆ ಕಾಲುವೆ ನೀರಿನ ಗದ್ದೆ ಬಯಲು. ಅಲ್ಲಿ ಹೊತ್ತು ಮುಳುಗಿದ ಮೇಲೆ ಹುಳಗಳ ಕಾಟ, ಸುಗ್ಗಿಯಲ್ಲಿ ರಸ್ತೆಗೇ ಭತ್ತ ಹರವಿರುತ್ತಾರೆ. ಭತ್ತದ ಕಾಳಿನ ಮೇಲೆ ಚಕ್ರ ಜಾರಿದರೆ ವೇಗ 40 ಇದ್ದರೂ ಪಕ್ಕಕ್ಕೆ ಬೀಳುವುದೇ, ಸೊಂಟ, ಮೊಣಕೈ, ಅಂಗೈ ಮೊದಲು ತಾಗುತ್ತವೆ. ಕೈಗವಸು ಇಲ್ಲದೆ ಜಾಕೆಟ್ ಒಂದನ್ನೇ ಹಾಕಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಂಪಿಯೊಳಗೆ ವೇಗವೇ ಇಲ್ಲ, 30ರಲ್ಲಿ ಹೋಗುವಾಗ ಮೆಶ್‌ಗೂ ಗಾಳಿ ಸಿಗದು; ಸಂಜೆಯಾದರೂ ಬಂಡೆಗಳು ಕಾವು ಬಿಡುತ್ತಲೇ ಇರುತ್ತವೆ. ಅಲ್ಲಿ ಎಲ್ಲ ಜಾಕೆಟ್ಟೂ ಒಂದೇ.

ಮಳೆಯ ಒಳಪದರ ಕೊಡುವುದನ್ನು ದೊಡ್ಡ ಅನುಕೂಲವೆಂದು ಹೇಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ತುಂಗಭದ್ರಾ ಡ್ಯಾಮಿನ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗುವಂಥ ಮಳೆಯ ದಿನಗಳಲ್ಲಿ ಹೊರಗಿನ ಜಾಲರಿಯೆಲ್ಲ ನೆನೆದು ಭಾರವಾಗಿ ಜೋತುಬೀಳುತ್ತದೆ. ಮೇಲೆ ಹಾಕುವ ಸಾದಾ ರೇನ್‌ಕೋಟೇ ವಾಸಿ.

ಹತ್ತು ಹದಿನೈದು ವರ್ಷದ ಹಿಂದೆ ಒಳ್ಳೆಯ ಜಾಕೆಟ್ ಎಂದರೆ ಇಟಲಿಯದೋ ಜರ್ಮನಿಯದೋ ಆಗಬೇಕಿತ್ತು. ಈಗ ಮುಂಬೈಯ ರೈನಾಕ್ಸ್, ಬೆಂಗಳೂರಿನ ವಯಾಟೆರಾ, ಚೆನ್ನೈನ ರಾಯಲ್ ಎನ್‌ಫೀಲ್ಡ್ ನಮ್ಮ ಮೈಕಟ್ಟಿಗೆ, ನಮ್ಮ ಬೇಸಿಗೆಗೆ ಹೊಂದುವ ಜಾಕೆಟ್ ಮಾಡುತ್ತಿವೆ. ಈ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ತೊಡಕಿರುವುದು ಕೊಳ್ಳುವ ರೀತಿಯಲ್ಲಿ. ನಮ್ಮ ಊರುಗಳಲ್ಲಿ ಹಾಕಿ ನೋಡಿ ಕೊಳ್ಳುವ ಅವಕಾಶ ಕಡಿಮೆ, ಮೊಬೈಲಿನಲ್ಲಿ ಅಳತೆ ಕೊಟ್ಟು ತರಿಸುವುದೇ ಹೆಚ್ಚು. ಸೆಕೆಗೆ ಸಡಿಲ ಇರಲಿ ಎಂದು ಒಂದು ಸೈಜ್ ದೊಡ್ಡದು ತರಿಸುತ್ತಾರೆ. ಸಡಿಲ ಜಾಕೆಟ್‌ನಲ್ಲಿ ಪ್ಯಾಡು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಬಂದ ದಿನವೇ ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿದು ನೋಡಬೇಕು. ಮೊಣಕೈ ಮಡಚಿದಾಗ ಪ್ಯಾಡು ಮೂಳೆಯ ಮೇಲೇ ಕೂತಿರಬೇಕು. ಇಲ್ಲವಾದರೆ ವಾಪಸ್ ಕಳಿಸಬೇಕು.

ಈ ಜಾಕೆಟ್‌ಗಳಿಗೆಲ್ಲ 5–6 ಸಾವಿರದಿಂದ 15 ಸಾವಿರದವರೆಗೆ ಬೆಲೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಹಂಪಿಗೆ ಬರುವವರು ಕೊಡುತ್ತಾರೆ. ಆದರೆ ಈ ರಸ್ತೆಗಳಲ್ಲಿ ಬೇಸಿಗೆಯುದ್ದಕ್ಕೂ ಬೈಕ್ ಓಡಿಸುವವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿಗೆ ಹೋಗುವವರು, ದೋಣಿಮಲೈ ಗಣಿಯ ಕೆಲಸಗಾರರು, ಕಂಪ್ಲಿಯಿಂದ ಹೊಸಪೇಟೆಗೆ ಸ್ಕೂಟಿಯಲ್ಲಿ ಬರುವ ಟೀಚರಮ್ಮಂದಿರು. ಕಾನೂನು ಇವರಿಂದ ಹೆಲ್ಮೆಟ್ ಕೇಳುತ್ತದೆ, ಅದಕ್ಕೆ ಐಎಸ್ಐ ಗುರುತು ಕಡ್ಡಾಯ ಮಾಡಿದೆ. ಜಾಕೆಟ್‌ನ ಮಾತು ಎತ್ತುವುದಿಲ್ಲ. ಕಂಪನಿಗಳ ಜಾಹೀರಾತಿನಲ್ಲಿ ಇವರು ಯಾರೂ ಕಾಣುವುದಿಲ್ಲ. ಹೆಂಗಸರ ಅಳತೆಯ ಮೆಶ್ ಜಾಕೆಟ್ ಹುಡುಕಿದರೆ ಸಿಗುವುದು ಬೆರಳೆಣಿಕೆಯಷ್ಟು, ಅದರಲ್ಲೂ ಕೆಲವು ಗುಲಾಬಿ ಪಟ್ಟಿ ಅಂಟಿಸಿದ ಗಂಡಸರ ಜಾಕೆಟ್ಟೇ.

ಆ ಟೀಚರಮ್ಮ ಸೀರೆಯ ಮೇಲೆ ಹಾಕುವ ಸನ್ ಕೋಟನ್ನು ನಾನು ಜಾಕೆಟ್‌ಗಳ ಸಾಲಿನಲ್ಲೇ ಇಟ್ಟು ನೋಡುತ್ತೇನೆ. ಉದ್ದ ತೋಳು, ಬೆರಳಿನವರೆಗೆ ಮುಚ್ಚುವ ತುದಿ, ಕತ್ತಿಗೆ ಕಾಲರು, ಹಗುರ ಹತ್ತಿ. ಬಿಸಿಲು ತಡೆಯುವುದರಲ್ಲಿ ಅದು 10 ಸಾವಿರದ ಮೆಶ್‌ಗಿಂತ ಒಂದು ಕೈ ಮೇಲು, ಏಕೆಂದರೆ ಜಾಲರಿಯ ಕಣ್ಣುಗಳಿಂದ ಬಿಸಿಲೂ ಒಳಗೆ ಬರುತ್ತದೆ. ಬಿದ್ದರೆ ಮಾತ್ರ ಅದು ಏನನ್ನೂ ತಡೆಯದು. ಅದರ ಒಳಗೆ ಮೈಗೆ ಬಿಗಿಯಾಗಿ ಕೂರುವ, ಪ್ಯಾಡು ಇರುವ ಸಿ ದರ್ಜೆಯ ಜಾಲರಿ ಅಂಗಿ ಹಾಕಿದರೆ ಭುಜ, ಮೊಣಕೈಯ ಮೂಳೆಗಾದರೂ ಕಾವಲು ಸಿಗುತ್ತದೆ. ಚರ್ಮ ತರಚುವುದು ತಪ್ಪದು. 40–50ರ ವೇಗದಲ್ಲಿ ಹೋಗಿಬರುವವರಿಗೆ ಕಡಿಮೆ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಆ ಸನ್ ಕೋಟಿನ ಮೊಣಕೈಗೂ ಭುಜಕ್ಕೂ ಗಟ್ಟಿ ನೈಲಾನಿನ ಪಟ್ಟಿ ಕೂರಿಸಿ, ಟಿ ಗುರುತಿನ ಪ್ಯಾಡಿಗೆ ಜೇಬು ಇಟ್ಟು, ಪರೀಕ್ಷೆ ಮಾಡಿಸಿ, ಎರಡು ಸಾವಿರದೊಳಗೆ ಮಾರುವ ಕೆಲಸ ಕಂಪನಿಗಳಿಗೆ ಕಷ್ಟದ್ದೇನಲ್ಲ. ಯಾರೂ ಇನ್ನೂ ಅದಕ್ಕೆ ಕೈಹಾಕಿದ್ದು ನಾನು ಕಂಡಿಲ್ಲ.