ಬೈಗುಳದ ಪರವಾನಗಿ: ಪಂಕ್, ಕುಂಡೆ ಹಬ್ಬ ಮತ್ತು ಕತ್ರಿಗುಪ್ಪೆಯ ಸಿನಿಮಾ

ಪಂಕ್ ಸಂಗೀತದ ಅಂಗಳದಲ್ಲಿ ಬೆಳೆದ ಹುಡುಗರು ಮುಂದೆ ಚಲನಚಿತ್ರ ನಿರ್ದೇಶಕರಾದ ನಿದರ್ಶನಗಳು ಪಶ್ಚಿಮದಲ್ಲಿಯೂ ಜಪಾನಿನಲ್ಲಿಯೂ ದೊರೆಯುತ್ತವೆ. 1977ರಲ್ಲಿ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಗಾನಮುದ್ರಿಕೆಗಳನ್ನು ಹಾಕುವ ಕೆಲಸದಲ್ಲಿದ್ದ ಡಾನ್ ಲೆಟ್ಸ್ ಸೂಪರ್-8 ಕ್ಯಾಮೆರಾದಲ್ಲಿ ತಮ್ಮ ಸುತ್ತಲಿನವರನ್ನೇ ಚಿತ್ರೀಕರಿಸಿ, 1978ರಲ್ಲಿ ‘ದ ಪಂಕ್ ರಾಕ್ ಮೂವಿ’ಯನ್ನು ಹೊರತಂದರು. ನ್ಯೂಯಾರ್ಕಿನ ಜಿಮ್ ಜಾರ್ಮುಶ್ ಡೆಲ್-ಬಿಜಾಂಟೀನ್ಸ್ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಜಪಾನಿನ ಸೋಗೋ ಇಶಿಯಿ 1982ರ ‘ಬರ್ಸ್ಟ್ ಸಿಟಿ’ಯಲ್ಲಿ ನಿಜವಾದ ಪಂಕ್ ತಂಡಗಳನ್ನೇ ಪಾತ್ರಗಳನ್ನಾಗಿಸಿದರು. ವಾದ್ಯ ಬಾರದೆಂಬುದು ಹಾಡಲು ಅಡ್ಡಿಯಲ್ಲವೆಂದು ಕಲಿತವರಿಗೆ, ಕ್ಯಾಮೆರಾ ಬಾರದೆಂಬುದೂ ಅಡ್ಡಿಯಾಗಲಿಲ್ಲ.

ಕನ್ನಡ ಚಿತ್ರರಂಗದಲ್ಲಿ ಪಂಕ್ ಸಂಗೀತದ ಮೂಲಕ ಬಂದ ನಿರ್ದೇಶಕರ ಪೀಳಿಗೆಯೊಂದು ಇಲ್ಲ. ಆ ಮನೋಧರ್ಮಕ್ಕೆ ಸಮೀಪದ ಬಂಧುವನ್ನು ಹುಡುಕುವುದಾದರೆ ದಕ್ಷಿಣ ಬೆಂಗಳೂರಿನ ಕಡೆಗೆ, ಅದರಲ್ಲಿಯೂ ಕಾಶೀನಾಥ್ ಅವರ ಬಳಗದ ಕಡೆಗೆ ನೋಡಬೇಕಾಗುತ್ತದೆ. ‘ಅನುಭವ’ (1984), ‘ಅನಂತನ ಅವಾಂತರ’ (1989) ಮೊದಲಾದ ಚಿತ್ರಗಳಿಂದ ಮಧ್ಯಮವರ್ಗದ ಮಡಿವಂತಿಕೆಯನ್ನು ಕೆಣಕಿದ ಕಾಶೀನಾಥ್ (1951-2018), ಅನುಭವವಿಲ್ಲದ ಹುಡುಗರನ್ನು ನಂಬಿ ಕೆಲಸ ಕೊಡುತ್ತಿದ್ದವರು. ಆ ಬಳಗದಿಂದ ಬಂದವರು ವಿ. ಮನೋಹರ್ ಮತ್ತು ಉಪೇಂದ್ರ. ಉಪೇಂದ್ರರ ಮೊದಲ ನಿರ್ದೇಶನ ‘ತರ್ಲೆ ನನ್ಮಗ’ (1992) ಮನೋಹರ್ ಅವರ ಮೊದಲ ಸಂಗೀತ ನಿರ್ದೇಶನವೂ ಹೌದು; ಮನೋಹರ್ 1997ರಲ್ಲಿ ‘ಓ ಮಲ್ಲಿಗೆ’ಯನ್ನು ನಿರ್ದೇಶಿಸಿದರು. ಬೈಗುಳವೊಂದು ಚಿತ್ರದ ಶೀರ್ಷಿಕೆಯಾಗಿ ಗೋಡೆಗಳ ಮೇಲೆ ಅಂಟಿಕೊಂಡದ್ದನ್ನು ಜಾನಪದ ವಿದ್ಯಾರ್ಥಿ ಲಘುವಾಗಿ ದಾಟಿಹೋಗುವಂತಿಲ್ಲ.

ಉಪೇಂದ್ರರ ಹೆಸರಿನೊಡನೆ ಬಹುಕಾಲ ಜೋಡಿಕೊಂಡು ಬಂದ ಊರು ಕತ್ರಿಗುಪ್ಪೆ. ಬನಶಂಕರಿ ಮೂರನೆಯ ಹಂತದ ಬಡಾವಣೆಯೊಳಗೆ ಸೇರಿಹೋದರೂ ಹಳ್ಳಿಯ ಹೆಸರನ್ನು ಬಿಟ್ಟುಕೊಡದ ಸ್ಥಳವಿದು. ಸೆಪ್ಟೆಂಬರ್ 18ರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಅವರ ಇಲ್ಲಿನ ಮನೆಯ ಮುಂದೆ ನೆರೆಯುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಹಳ್ಳಿಯೂ ಅಲ್ಲದ, ಪೇಟೆಯೂ ಆಗಿಮುಗಿಯದ ಇಂತಹ ಅಂಚಿನ ಪ್ರದೇಶದ ಮಾತು ಚಿತ್ರಮಂದಿರವನ್ನು ಹೊಕ್ಕದ್ದು ಆಕಸ್ಮಿಕವೆನ್ನಲಾಗದು.

ಈ ಪ್ರವೇಶದ ಮಹತ್ವದ ಘಟ್ಟ ‘ಓಂ’ (1995). ಸಂಭಾವಿತ ಕನ್ನಡಕ್ಕೆ, ಮನೆಮಂದಿಯೆಲ್ಲ ಕುಳಿತು ನೋಡುವ ಕಥೆಗಳಿಗೆ ಹೆಸರಾದ ರಾಜ್‌ಕುಮಾರ್ ಕುಟುಂಬದ ನಿರ್ಮಾಣ ಸಂಸ್ಥೆಯ ಚಿತ್ರದಲ್ಲಿಯೇ ಲಾಂಗು ಹಿಡಿದವರ ಭಾಷೆ ಕೇಳಿಬಂದಿತು. ಭೂಗತ ಲೋಕದ ಕೆಲವರು ತಾವೇ ತಾವಾಗಿ ತೆರೆಯ ಮೇಲೆ ಕಾಣಿಸಿಕೊಂಡರು. ಇಶಿಯಿ ಪಂಕ್ ತಂಡಗಳನ್ನು ಬಳಸಿದುದಕ್ಕೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ: ಎರಡರಲ್ಲಿಯೂ ವೇಷ ಮತ್ತು ವೇಷಧಾರಿಯ ನಡುವಿನ ಅಂತರ ಬೇಕೆಂದೇ ಅಳಿಸಿಹೋಗಿದೆ. ಮಾರ್ಗದ ಮನೆಯೊಳಗೆ ದೇಸಿ ನುಗ್ಗಿತು ಎನ್ನಬಹುದಾದರೂ ಇದು ವಿದ್ವಾಂಸರು ಮೆಚ್ಚಿ ಸಂಗ್ರಹಿಸುವ ದೇಸಿಯಲ್ಲ.

ಇಂತಹ ನುಗ್ಗುವಿಕೆಗೆ ಕರ್ನಾಟಕದ ಜನಪದ ಆಚರಣೆಗಳಲ್ಲಿ ದೀರ್ಘ ಪೂರ್ವೇತಿಹಾಸವಿದೆ. ಕಾಮನ ಹಬ್ಬದಲ್ಲಿ ಹುಡುಗರು ಕಟ್ಟಿಗೆ ಕುಳ್ಳು ಕದ್ದು, ಬಾಯಿ ಬಡಿದುಕೊಂಡು ಬೀದಿ ಸುತ್ತುತ್ತಾರೆ. ಉತ್ತರ ಕನ್ನಡದ ಸುಗ್ಗಿಯ ಹಗರಣದಲ್ಲಿ ಅಧಿಕಾರಸ್ಥರ ಅಣಕ ನಡೆಯುತ್ತದೆ. ಆದರೆ ಪಂಕ್‌ಗೆ ತೀರ ಹತ್ತಿರವಾದುದು ದಕ್ಷಿಣ ಕೊಡಗಿನ ದೇವರಪುರದ ಕುಂಡೆ ಹಬ್ಬ. ಮೇ ತಿಂಗಳಲ್ಲಿ ಜೇನುಕುರುಬ, ಯರವ ಸಮುದಾಯಗಳವರು, ವರ್ಷವಿಡೀ ಕಾಫಿ ತೋಟದ ಲೈನು ಮನೆಗಳಲ್ಲಿ ಬದುಕು ಸವೆಸುವವರು, ಬಗೆಬಗೆಯ ವೇಷ ತೊಟ್ಟು ಹೊರಡುತ್ತಾರೆ. ಗಂಡಸರು ಹೆಂಗಸರ ಉಡುಪು ಧರಿಸುತ್ತಾರೆ. ಡಬ್ಬ, ಬುರುಡೆ, ಎಸೆದ ಪ್ಲಾಸ್ಟಿಕ್ ಡ್ರಮ್ಮು, ಕೈಗೆ ಸಿಕ್ಕಿದ್ದೇ ವಾದ್ಯ. ಹೆಣ್ಣು ಗಂಡೆನ್ನದೆ, ಧಣಿ ಅಧಿಕಾರಿ ಎನ್ನದೆ ಎದುರಾದವರನ್ನೆಲ್ಲ ಬೈದು ಹಣ ಕೇಳುತ್ತಾರೆ. ತಮ್ಮನ್ನು ಕಾಡಿನಿಂದ ಕರೆತಂದ ಅಯ್ಯಪ್ಪ ಭದ್ರಕಾಳಿಯ ಮೋಹಕ್ಕೆ ಸಿಕ್ಕು ತಮ್ಮನ್ನು ಕೈಬಿಟ್ಟನೆಂಬುದು ಅವರ ಐತಿಹ್ಯ. ಆದ್ದರಿಂದ ದೇವರಿಗೂ ಬೈಗುಳ ತಪ್ಪದು. ಸಂಜೆಗೆ ಗುಡಿಗೆ ಬಂದು, ಸೇರಿದ ಹಣದಲ್ಲಿ ಕಾಣಿಕೆ ಒಪ್ಪಿಸಿ, ತಪ್ಪಾಯಿತೆಂದು ಬೇಡಿಕೊಂಡು ಮರಳುತ್ತಾರೆ. ಡಿಕ್ ಹೆಬ್ಡಿಜ್ 1979ರ ತಮ್ಮ ಗ್ರಂಥದಲ್ಲಿ ಪಂಕ್ ಹುಡುಗರ ಹರಿದ ಬಟ್ಟೆ, ಸೇಫ್ಟಿ ಪಿನ್ನುಗಳನ್ನು ಓದಿದ ಬಗೆಯಲ್ಲಿಯೇ ಈ ಡಬ್ಬ ಬುರುಡೆಗಳನ್ನೂ ಓದಲು ಸಾಧ್ಯವಿದೆ. ಒಂದು ವ್ಯತ್ಯಾಸವಿದೆ: ದೇವರಪುರದವರಿಗೆ ಮರುದಿನ ತೋಟದ ಕೆಲಸವಿರುತ್ತದೆ.

ಈ ವ್ಯತ್ಯಾಸವೇ ಇಲ್ಲಿ ಮುಖ್ಯ. ತಲೆಕೆಳಗು ಮಾಡಿದುದೆಲ್ಲವನ್ನೂ ಪ್ರತಿರೋಧವೆಂದು ಕೊಂಡಾಡುವ ಅಭ್ಯಾಸ ಜಾನಪದ ಅಧ್ಯಯನದಲ್ಲಿ ಬೇರೂರಿದೆ. ಬಖ್ತಿನ್‌ನ ಹೆಸರು ಒಮ್ಮೆ ಹೇಳಿಬಿಟ್ಟರೆ ಉಳಿದ ಪ್ರಶ್ನೆಗಳನ್ನು ಕೇಳಬೇಕಾಗಿಲ್ಲವೆಂಬಂತಾಗಿದೆ. ಬೈದವರು ಯಾರು, ಬೈಸಿಕೊಂಡವರು ಯಾರು, ಬೈಗುಳ ಯಾವಾಗ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳಿಲ್ಲದೆ ವಿಡಂಬನೆಯ ಮೌಲ್ಯಮಾಪನ ಅಪೂರ್ಣ.

‘ಎ’ (1998) ಮತ್ತು ‘ಉಪೇಂದ್ರ’ (1999) ಚಿತ್ರಗಳನ್ನು ಈ ಪ್ರಶ್ನೆಗಳ ಎದುರು ಇರಿಸಿದಾಗ ಅವುಗಳ ಬಲವೂ ದೋಷವೂ ಒಟ್ಟಿಗೆ ಕಾಣುತ್ತವೆ. ‘ಎ’ ಹಿಂದುಮುಂದಾದ ಕಥನಕ್ರಮದಿಂದ ಪ್ರೇಕ್ಷಕನನ್ನು ಕಂಗೆಡಿಸಿತು. ವಯಸ್ಕರ ಪ್ರಮಾಣಪತ್ರದ ಅಕ್ಷರವನ್ನೇ ಹೆಸರಾಗಿಸಿಕೊಂಡು ಪ್ರಮಾಣೀಕರಿಸುವವರನ್ನೂ ಅಣಕಿಸಿತು. ಚಿತ್ರೋದ್ಯಮದೊಳಗೆ ಹೆಣ್ಣು ಅನುಭವಿಸುವ ಶೋಷಣೆಯನ್ನು ಉದ್ಯಮದ ಒಳಗಿದ್ದುಕೊಂಡೇ ಹೇಳಿದ ಧೈರ್ಯ ಅದರದು. ಅದೇ ಚಿತ್ರ ನಾಯಕಿಯ ಮೇಲೆ ಸುರಿಸುವ ನಿಂದೆಗೆ ಚಪ್ಪಾಳೆಯನ್ನೂ ಸಿದ್ಧಪಡಿಸಿಕೊಡುತ್ತದೆ. ‘ಉಪೇಂದ್ರ’ದಲ್ಲಿ ನಾಯಕನ ಹೆಸರೇ ‘ನಾನು’. ಮನಸ್ಸಿನಲ್ಲಿರುವುದನ್ನು ಆಡಿಬಿಡುವ ಈ ‘ನಾನು’ ಲೋಕದ ಸೋಗನ್ನು ಬಯಲಿಗೆಳೆಯುವಾಗ ಹಗರಣದ ವೇಷಗಾರನ ನಿಜವಾದ ವಾರಸುದಾರನಂತೆ ತೋರುತ್ತಾನೆ. ಮೂವರು ನಾಯಕಿಯರ ಕಡೆಗೆ ತಿರುಗಿದೊಡನೆ ಬೈಗುಳದ ದಿಕ್ಕು ಬದಲಾಗುತ್ತದೆ. ಕುಂಡೆ ಹಬ್ಬದಲ್ಲಿ ಅದರ ಮುಖ್ಯ ಗುರಿ ಮೇಲಿನವರು. ದೇವರೂ ಅದಕ್ಕೆ ಹೊರತಲ್ಲ. ಇಲ್ಲಿ ಅದು ಕೆಳಗಿನವರ ಮೇಲೆ ಬೀಳುತ್ತದೆ. ಸಂಜೆಯ ಕಾಣಿಕೆಯಾಗಲಿ ತಪ್ಪೊಪ್ಪಿಗೆಯಾಗಲಿ ಇಲ್ಲ. ಮರುದಿನ ಮತ್ತೆ ನಾಲ್ಕು ಪ್ರದರ್ಶನ. ಕಥೆ ಕೊನೆಗೆ ತಾತ್ವಿಕವಾದ ಅರ್ಥವೊಂದನ್ನು ಕೊಡುತ್ತದೆಯಾದರೂ, ಪ್ರೇಕ್ಷಕರು ಮನೆಗೆ ಒಯ್ದದ್ದು ಆ ಅರ್ಥವನ್ನಲ್ಲ, ಸಂಭಾಷಣೆಗಳನ್ನು.

ಉಪೇಂದ್ರರನ್ನು ಕೇವಲ ಸ್ತ್ರೀನಿಂದಕರೆಂದು ಬದಿಗಿರಿಸುವ ವಿಮರ್ಶೆ ಅವರ ಹೊಸತನವನ್ನು ಕಾಣದೆ ಹೋಗುತ್ತದೆ. ಬಂಡಾಯಗಾರರೆಂದು ಹಾಡಿಹೊಗಳುವ ವಿಮರ್ಶೆ ಆ ಚಿತ್ರಗಳನ್ನು ನೋಡಿ ಕುಗ್ಗಿ ಕುಳಿತಿರಬಹುದಾದ ಹೆಣ್ಣುಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯ ಲೋಪವೇ ಹೆಚ್ಚು ಗಂಭೀರವಾದುದು.

ವೇಷ ಕಳಚದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ವರ್ಷಗಳು ಸಾಕ್ಷಿಯಾಗಿವೆ. ‘ಸೂಪರ್’ (2010) ಅಕ್ಷರಗಳ ಬದಲು ಬೆರಳಿನ ಮುದ್ರೆಯನ್ನು ಶೀರ್ಷಿಕೆಯಾಗಿಸಿಕೊಂಡಿತು. ಜನಪದ ಒಗಟಿನ ಜಾಣ್ಮೆ ಇಲ್ಲಿದೆ, ಆದರೆ ಒಗಟು ಹಾಕುವವನು ಗುರುವಿನ ಪೀಠದಲ್ಲಿ ಕುಳಿತಿದ್ದಾನೆ. 2017ರಲ್ಲಿ ಅವರು ಖಾಕಿ ಅಂಗಿ ತೊಟ್ಟು ರಾಜಕೀಯ ಪಕ್ಷವೊಂದರೊಡನೆ ಜನರ ಮುಂದೆ ಬಂದರು. 2018ರಲ್ಲಿ ಅದನ್ನು ತೊರೆದು ‘ಉತ್ತಮ ಪ್ರಜಾಕೀಯ ಪಕ್ಷ’ವನ್ನು ಕಟ್ಟಿದರು. ದುಡಿಯುವವನ ಸಮವಸ್ತ್ರ ಇಲ್ಲಿ ಮತ್ತೊಂದು ವೇಷವಾಯಿತು. ಅಣಕಿಸುವವನು ಉಪದೇಶಕನಾಗುವ ಈ ಪಲ್ಲಟ ಲಂಡನ್ನಿನ ಪಂಕ್ ಹುಡುಗರಿಗೂ ಅಪರಿಚಿತವಲ್ಲ.

1998ರ ‘ಎ’ ತನ್ನನ್ನು ಬುದ್ಧಿವಂತರಿಗೆ ಮಾತ್ರವೆಂದು ಘೋಷಿಸಿಕೊಂಡು ಜನರನ್ನು ಕರೆದಿತ್ತು. 2024ರ ಡಿಸೆಂಬರಿನಲ್ಲಿ ತೆರೆಕಂಡ ‘ಯುಐ’ ಬುದ್ಧಿವಂತರು ಎದ್ದುಹೋಗಬಹುದೆಂಬ ಸೂಚನೆಯೊಡನೆ ಆರಂಭವಾಗುತ್ತದೆ. ಆ ಸೂಚನೆಯನ್ನು ಓದಿ ಪ್ರೇಕ್ಷಕರು ನಕ್ಕರು, ಸಿಳ್ಳೆ ಹಾಕಿದರು, ಕುಳಿತೇ ಇದ್ದರು.