ದಾಕ್ಷಿಣ್ಯವಿಲ್ಲದ ಸೌಜನ್ಯ

ರಾಜಕಾರಣಿಯೊಬ್ಬರನ್ನು ಎದುರಿಗೆ ಕುಳ್ಳಿರಿಸಿಕೊಂಡು, ಅವರ ಮಾತಿಗೆ ಅಡ್ಡ ಬಾರದೆ, ಧ್ವನಿಯನ್ನೇರಿಸದೆ, ಆದರೂ ಉತ್ತರದಿಂದ ನುಣುಚಿಕೊಳ್ಳಲು ಎಡೆಗೊಡದೆ ಪ್ರಶ್ನಿಸುವ ವಿದ್ಯೆಯು ಎಷ್ಟು ದುರ್ಲಭವೆಂಬುದನ್ನು ಸಂದರ್ಶನಗಳನ್ನು ರಸಿಕತೆಯಿಂದ ನೋಡುವ ಅಭ್ಯಾಸವುಳ್ಳವರೆಲ್ಲ ಬಲ್ಲರು. ಈ ವಿದ್ಯೆಯಲ್ಲಿ ನಾನು ಬಹುವಾಗಿ ಮೆಚ್ಚಿದವರು ಕೆನಡಾದ ಆಂಟೇರಿಯೊ ಪ್ರಾಂತದ ಸ್ಟೀವ್ ಪೇಕಿನ್.

1960ರಲ್ಲಿ ಹ್ಯಾಮಿಲ್ಟನ್ ಎಂಬ ಉಕ್ಕಿನ ಊರಿನಲ್ಲಿ ಹುಟ್ಟಿ, ಟೊರಾಂಟೊ ನಗರಸಭೆಯ ವಿದ್ಯಮಾನಗಳನ್ನು ರೇಡಿಯೊಗೆ ವರದಿ ಮಾಡುತ್ತ ವೃತ್ತಿಗಿಳಿದ ಅವರು, 1992ರಲ್ಲಿ ಆ ಪ್ರಾಂತದ ಸಾರ್ವಜನಿಕ ವಾಹಿನಿಯಾದ ಟಿವಿಒವನ್ನು ಸೇರಿ, ‘ಸ್ಟುಡಿಯೊ 2’ರಲ್ಲಿಯೂ, 2006ರಿಂದ 2025ರ ವರೆಗೆ ‘ದಿ ಅಜೆಂಡ’ದಲ್ಲಿಯೂ ರಾತ್ರಿ ಎಂಟು ಗಂಟೆಗೆ ಸಾರ್ವಜನಿಕ ವಿಷಯಗಳ ವಿಚಾರಣೆ ನಡೆಸಿದರು. ಶಾಲೆ, ಆಸ್ಪತ್ರೆ, ವಿದ್ಯುತ್ತು, ನಗರಾಡಳಿತ ಇವೆಲ್ಲ ಕೆನಡಾದಲ್ಲಿ ಪ್ರಾಂತಗಳ ಹೊಣೆ. ರಾಷ್ಟ್ರೀಯ ವಾಹಿನಿಗಳ ದೃಷ್ಟಿಯಾದರೋ ರಾಜಧಾನಿ ಒಟ್ಟಾವಾದ ಕಡೆಗೇ ನೆಟ್ಟಿರುವುದು ಸಹಜ. ಜನರ ನಿತ್ಯಜೀವನವನ್ನು ನೇರವಾಗಿ ತಟ್ಟುವ ಆಡಳಿತವೇ ಹೀಗೆ ಕಣ್ಮರೆಯಾಗುವಲ್ಲಿ, ಮೂರು ದಶಕಗಳಿಗೂ ಮಿಕ್ಕಿ ಒಂದೇ ಶಾಸನಸಭೆಯನ್ನು ಗಮನಿಸುತ್ತ ನಿಂತದ್ದೇ ಪೇಕಿನ್ನರ ಬಲ. ಇಂದು ಮಂತ್ರಿಯಾದವರು ಹಿಂದೆ ವಿರೋಧಪಕ್ಷದಲ್ಲಿದ್ದುದನ್ನು ಕಂಡ ಕಣ್ಣಿಗೆ ಪ್ರಶ್ನೆ ತಾನಾಗಿ ಹೊಳೆಯುತ್ತದೆ; ಅದನ್ನು ಮೆಲುದನಿಯಲ್ಲಿ ಎದುರಿಗಿಟ್ಟು ಸುಮ್ಮನೆ ಕಾದರೆ ಗರ್ಜನೆಯ ಅವಶ್ಯಕತೆಯೇ ಬೀಳದು. ಟಿವಿಒ ವಾಹಿನಿಗೆ ಹಣವೊದಗಿಸುವಲ್ಲಿ ದೊಡ್ಡ ಪಾಲು ಪ್ರಾಂತೀಯ ಸರ್ಕಾರದ್ದೇ ಆಗಿರಲು, ಅದರ ನಾಯಕರನ್ನೇ ಪ್ರಶ್ನಿಸುವುದಕ್ಕೆ ಬೇಕಾದ ಧೈರ್ಯ ಅಲ್ಪವೆಂದು ಯಾರೂ ಎಣಿಸಬಾರದು.

ರಾಷ್ಟ್ರದ ಪಕ್ಷನಾಯಕರ ಚುನಾವಣಾ ವಾಗ್ವಾದಗಳನ್ನು ನಡೆಸಿಕೊಡಲು 2006, 2008, 2011ರಲ್ಲಿ ಕರೆ ಬಂದದ್ದೂ ಈ ಪ್ರಾಂತೀಯ ನಿರೂಪಕರಿಗೇ. 2008ರಲ್ಲಿ ಐವರು ನಾಯಕರು ಒಂದೇ ಮೇಜಿನ ಸುತ್ತ ಕುಳಿತು ವಾದಿಸಿದರು.

ಆದರೆ ಅವರ ವೃತ್ತಿಧರ್ಮವು ಸ್ಟುಡಿಯೊದ ದೀಪಗಳಿಂದಾಚೆಗೆ ಪರೀಕ್ಷೆಗೊಳಗಾದದ್ದು 2010ರ ಜೂನ್ ತಿಂಗಳಲ್ಲಿ, ಜಿ-20 ಶೃಂಗಸಭೆಗಾಗಿ ಟೊರಾಂಟೊ ನಗರವು ಪೊಲೀಸ್ ಕಾವಲಿನಿಂದ ತುಂಬಿದ್ದಾಗ. ಎಸ್ಪ್ಲನೇಡ್ ಬೀದಿಯಲ್ಲಿ ಶಾಂತವಾಗಿ ಕುಳಿತಿದ್ದ ಪ್ರತಿಭಟನಕಾರರನ್ನು ಪೊಲೀಸರು ಇಕ್ಕೆಲದಿಂದ ಮುತ್ತಿದ ರಾತ್ರಿ ಪೇಕಿನ್ ಅಲ್ಲಿದ್ದರು. ಇಬ್ಬರು ಪೊಲೀಸರು ಪತ್ರಕರ್ತನೊಬ್ಬನನ್ನು ಹಿಡಿದಿರಲು ಮೂರನೆಯವನು ಅವನನ್ನು ಗುದ್ದಿದುದನ್ನು ಕಂಡರು. ಪೇಕಿನ್ನರನ್ನೂ ಅಲ್ಲಿಂದ ಹೊರಸಾಗಿಸಲಾಯಿತು. ಪಕ್ಷಾತೀತತೆಯನ್ನೇ ಮೂಲಧನವಾಗಿ ಉಳ್ಳ ನಿರೂಪಕನು ಇಂಥಲ್ಲಿ ಮೌನವಹಿಸುವುದು ಸುಲಭ. ಇವರು ಕಂಡದ್ದನ್ನು ಕಂಡಂತೆಯೇ, ಆ ರಾತ್ರಿಯೇ, ಟ್ವಿಟರಿನಲ್ಲಿ ಬರೆದರು. ನಿಷ್ಪಕ್ಷಪಾತವೆಂದರೆ ಸಾಕ್ಷಿ ನುಡಿಯದಿರುವುದೆಂದು ಅವರು ಭಾವಿಸಲಿಲ್ಲವೆಂಬುದೇ ನನಗೆ ಅವರಲ್ಲಿ ಗೌರವ ಹೆಚ್ಚಲು ಕಾರಣ.

ಪ್ರಾಂತದ ಮಾಜಿ ಮುಖ್ಯಮಂತ್ರಿಗಳಾದ ಜಾನ್ ರೊಬಾರ್ಟ್ಸ್ ಮತ್ತು ಬಿಲ್ ಡೇವಿಸ್ ಇಬ್ಬರ ಜೀವನಚರಿತ್ರೆಗಳನ್ನೂ ಪೇಕಿನ್ ಬರೆದಿದ್ದಾರೆ. ಶಿಕ್ಷಣಮಂತ್ರಿಯಾಗಿ 1970ರಲ್ಲಿ ಟಿವಿಒದ ಸ್ಥಾಪನೆಗೆ ಕಾರಣರಾದವರು ಡೇವಿಸರೇ. ಅಜೆಂಡದ ಬಹಳಷ್ಟು ಸಂಚಿಕೆಗಳು ಯೂಟ್ಯೂಬಿನಲ್ಲಿ ದೊರೆಯುತ್ತವೆ. ನೋಡಬಯಸುವವರು ಚುನಾವಣೆಯ ವಾಗ್ವಾದಗಳನ್ನು ಬದಿಗಿರಿಸಿ, ಅಧಿಕಾರದಿಂದಿಳಿದ ನಾಯಕರೊಡನೆ ಅವರು ನಡೆಸಿದ ದೀರ್ಘ ಸಂದರ್ಶನಗಳಿಂದಲೇ ಆರಂಭಿಸುವುದು ಲೇಸು.