ಓದುವ ಅಧಿಕಾರ ಮತ್ತು ಬದಲಾಗದ ಗುಣ: ಒಂದು ವಿಮರ್ಶೆ

ಶಾಸನಕ್ಕೂ ಕಡತಕ್ಕೂ ಇರುವ ಭೇದವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಕಲ್ಲಿನಲ್ಲಿ ಕಂಡರಿಸಿದ ಅಕ್ಷರವನ್ನು ಓದುಗನೂ ತಿದ್ದಲಾರ, ಬರೆಯಿಸಿದವನೂ ಸುಲಭವಾಗಿ ತಿದ್ದಲಾರ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತವಾದರೋ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯತಕ್ಕ ವಸ್ತು. ಅದನ್ನು ನೋಡುವುದಕ್ಕೆ ಮಾತ್ರ ಅನುಮತಿ ಪಡೆದವನು, ತಾನು ತಿದ್ದಲಾರನಾದ ಕಾರಣ ಅದನ್ನು ಯಾರೂ ತಿದ್ದಲಾರರೆಂದು ಭಾವಿಸಿದರೆ ಮೋಸಹೋಗುತ್ತಾನೆ. ಕಂಪ್ಯೂಟರ್ ಪ್ರೋಗ್ರಾಮುಗಳ ರಚನೆಯಲ್ಲಿಯೂ ಇಂತಹುದೇ ಭ್ರಾಂತಿಗೆ ಎಡೆಯುಂಟೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1967ರಲ್ಲಿ ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಅವರು ರೂಪಿಸಿದ ಸಿಮ್ಯುಲಾ ಭಾಷೆಯಿಂದ ಆಬ್ಜೆಕ್ಟ್ ಪದ್ಧತಿಯು ಆರಂಭವಾಯಿತೆನ್ನಬಹುದು. ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ ಒಂದುಗೂಡಿಸಿದ ಘಟಕವೇ ಆಬ್ಜೆಕ್ಟ್. ಹೊರಗಿನವರಿಗೆ ಕಾಣುವ ಅದರ ಗುಣವೇ ಪ್ರಾಪರ್ಟಿ. ಹೊರಗಿನವರು ಅದರಿಂದ ಏನನ್ನು ನಿರೀಕ್ಷಿಸಬಹುದೆಂಬ ಕರಾರೇ ಇಂಟರ್‌ಫೇಸ್. ಪ್ರಾಪರ್ಟಿಗಳಲ್ಲಿ ಕೆಲವು ಓದುವುದಕ್ಕೆ ಮಾತ್ರ ತೆರೆದಿರುತ್ತವೆ. ಕೆಲವು ಬರೆಯುವುದಕ್ಕೂ ತೆರೆದಿರುತ್ತವೆ.

1998ರಲ್ಲಿ ಹೊರಬಂದ ಜಾವಾ 1.2ರ ಲಿಸ್ಟ್ ಎಂಬ ಇಂಟರ್‌ಫೇಸು ಸೇರಿಸುವ, ಅಳಿಸುವ ಕ್ರಿಯೆಗಳನ್ನು ಘೋಷಿಸಿ, ಒಡನೆಯೇ ಅವು ಐಚ್ಛಿಕವೆಂದೂ ಹೇಳಿತು. ಬರೆಯಲಾಗದ ಪಟ್ಟಿಯೂ ಅದೇ ಕರಾರಿಗೆ ಒಪ್ಪಿ, ಪ್ರೋಗ್ರಾಮು ನಡೆಯುತ್ತಿರುವಾಗ ಬರೆಯಹೋದವನನ್ನು ನಿರಾಕರಿಸುತ್ತದೆ. ಪ್ರತಿಯೊಂದು ಭೇದಕ್ಕೂ ಬೇರೆ ಕರಾರು ಮಾಡಿದರೆ ಇಂಟರ್‌ಫೇಸುಗಳ ಸಂಖ್ಯೆ ಮಿತಿಮೀರುವುದೆಂಬುದು ಅದರ ಕರ್ತೃಗಳ ಸಮಾಧಾನ. ಈ ಸಮಾಧಾನವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದರ ಬೆಲೆಯನ್ನು ತೆರುವವನು ಕರಾರನ್ನು ನಂಬಿದ ಬಳಕೆದಾರನೇ. 2017ರ ಜಾವಾ 9ರಲ್ಲಿ ಬದಲಾಗದ ಪಟ್ಟಿಗಳನ್ನು ಸುಲಭವಾಗಿ ರಚಿಸುವ ಕ್ರಮ ಬಂದರೂ ಅವುಗಳ ಕರಾರು ಹಳೆಯ ಲಿಸ್ಟೇ ಆಗಿ ಉಳಿಯಿತು.

2012ರ ಡಾಟ್‌ನೆಟ್ 4.5ರಲ್ಲಿ ಓದುವುದಕ್ಕೆಂದೇ ಪ್ರತ್ಯೇಕ ಇಂಟರ್‌ಫೇಸು ಬಂದುದು ನಿಶ್ಚಯವಾಗಿಯೂ ಒಂದು ಮುನ್ನಡೆ. ಅದರಲ್ಲಿ ಬರೆಯುವ ಮಾತೇ ಇಲ್ಲವಾದುದರಿಂದ ತಪ್ಪು ಮೊದಲೇ ಗೋಚರಿಸುತ್ತದೆ. ಆದರೆ ಬರೆಯಬಲ್ಲ ಸಾಮಾನ್ಯ ಪಟ್ಟಿಯೂ ಈ ಕರಾರನ್ನು ಪೂರೈಸುತ್ತದೆಂಬುದನ್ನು ಮರೆಯಬಾರದು. ಉದಾಹರಣೆಗೆ, ಒಂದು ಪ್ರೋಗ್ರಾಮು ಓದಲು ಮಾತ್ರ ದೊರೆತ ಅಂಕಪಟ್ಟಿಯಿಂದ ಮೊದಲು ಮೊತ್ತವನ್ನೂ ಅನಂತರ ಸರಾಸರಿಯನ್ನೂ ಲೆಕ್ಕಹಾಕುತ್ತಿರಲಿ. ನಡುವೆ ಪಟ್ಟಿಯ ಒಡೆತನವುಳ್ಳ ಭಾಗವು ಒಬ್ಬ ವಿದ್ಯಾರ್ಥಿಯ ಅಂಕವನ್ನು ತಿದ್ದಿದರೆ ಎರಡು ಫಲಗಳೂ ಹೊಂದುವುದಿಲ್ಲ. ಇಲ್ಲಿ ಯಾವ ನಿಯಮವೂ ಭಂಗವಾಗಲಿಲ್ಲ. ವಿದ್ಯಾರ್ಥಿಗೆ ಅನ್ಯಾಯವಾಗುವ ಸಂಭವವುಂಟಾಯಿತು.

ಬಾರ್ಬರಾ ಲಿಸ್ಕೊವ್ ಮತ್ತು ಜೆನೆಟ್ ವಿಂಗ್ ಅವರು 1994ರ ತಮ್ಮ ಪ್ರಬಂಧದಲ್ಲಿ, ಉಪವರ್ಗವು ಮೂಲವರ್ಗದ ಕ್ರಿಯೆಗಳನ್ನಷ್ಟೇ ಅಲ್ಲದೆ, ವಸ್ತುವಿನ ಸ್ಥಿತಿ ಕಾಲಾಂತರದಲ್ಲಿ ಹೇಗೆ ಬದಲಾಗಬಹುದೆಂಬ ನಿಯಮವನ್ನೂ ಪಾಲಿಸಬೇಕೆಂದು ಪ್ರತಿಪಾದಿಸಿದರು. ಇದನ್ನು ಅವರು ಇತಿಹಾಸಕ್ಕೆ ಸಂಬಂಧಿಸಿದ ಗುಣವೆಂದೇ ಕರೆದಿರುವುದು ನಮ್ಮ ಗಮನಕ್ಕೆ ಅರ್ಹವಾಗಿದೆ. ಈ ದೃಷ್ಟಿಯಿಂದ ನೋಡಿದರೆ, ‘ನೀನು ಬರೆಯಲಾರೆ’ ಎಂಬ ಮಾತು ಓದುಗನ ಅಧಿಕಾರವನ್ನು ಕುರಿತದ್ದು. ‘ಇದು ಬದಲಾಗದು’ ಎಂಬುದು ವಸ್ತುವಿನ ಇತಿಹಾಸವನ್ನು ಕುರಿತದ್ದು. ಮೊದಲನೆಯದರಿಂದ ಎರಡನೆಯದು ಸಿದ್ಧವಾಗುವುದಿಲ್ಲ.

ಆದುದರಿಂದ ಓದತಕ್ಕದ್ದು, ಬರೆಯತಕ್ಕದ್ದು, ಬದಲಾಗದ್ದು ಎಂಬ ಮೂರು ಕರಾರುಗಳನ್ನು ಮೂರು ಹೆಸರುಗಳಿಂದ ಕರೆಯುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ಇಂಟರ್‌ಫೇಸುಗಳು ಒಂದೆರಡು ಹೆಚ್ಚಾದರೆ ಆಗುವ ತೊಡಕಿಗಿಂತ, ಕಡತವನ್ನು ಶಾಸನವೆಂದು ನಂಬಿ ಬರೆದ ಲೆಕ್ಕದಿಂದ ಆಗುವ ಹಾನಿ ದೊಡ್ಡದು.